ಮಲೆನಾಡಿನ ಮಹಾವೃಷ್ಟಿ: ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಸೀಮೆಯ ಬಿರುಮಳೆಯೂ ಅದರ ಉತ್ತರಕಾಲವೂ

ಹಿಮವತ್ಪ್ರಾಂತದ ಗಿರಿವಾಸಿಗಳ ಬದುಕಿನಲ್ಲಿ ಚಳಿಗಾಲದ ಹಿಮಮಾರುತಕ್ಕೆ ಯಾವ ಸ್ಥಾನವಿದೆಯೋ, ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳ ಜನಜೀವನದಲ್ಲಿ ಆಷಾಢ ಶ್ರಾವಣಗಳ ಬಿರುಮಳೆಗೆ ಆ ಸ್ಥಾನವಿದೆ. ದಾರಿ ಕಡಿದು, ದೀಪ ಆರಿ, ಹಳ್ಳದ ಆಚೆಯ ಮನೆಗೂ ಈಚೆಯ ಮನೆಗೂ ದಿನಗಟ್ಟಲೆ ಸಂಪರ್ಕವಿಲ್ಲದೆ ಹೋಗುವ ಇಂತಹ ಮಳೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಹೊಳೆ ಎಷ್ಟು ಎತ್ತರಕ್ಕೆ ಏರಿತೆಂಬುದನ್ನೇ ಅಳತೆಗೋಲಾಗಿ ಹಿಡಿಯುವರು. ಈ ಸೀಮೆಯ ಮಟ್ಟಿಗೆ ಆ ಅಳತೆಗೋಲು ಸಾಲದೆಂಬುದೂ, ಹೊಳವು (ಮಳೆಯ ನಡುವಿನ ಬಿಡುವು) ಕೊಡದೆ ಎಷ್ಟು ದಿನ ಮಳೆ ಹಿಡಿಯಿತು, ಹಿಡಿದ ಮಳೆ ಬಿಟ್ಟ ಮೇಲೆ ತೋಟದಲ್ಲಿ ಏನಾಯಿತು ಎಂಬುದೇ ಇಲ್ಲಿ ಮುಖ್ಯ ಪ್ರಮಾಣವೆಂಬುದೂ ಈ ಲೇಖನದ ಪ್ರತಿಪಾದನೆ.

ಮೊದಲು ಭೂಮಿಕೆಯನ್ನು ಗಮನಿಸಬೇಕು. ಕುದುರೆಮುಖ ಪರ್ವತಶ್ರೇಣಿಯ ಗಂಗಾಮೂಲದಲ್ಲಿ ಹುಟ್ಟುವ ತುಂಗೆಯು ನೆಮ್ಮಾರು, ಶೃಂಗೇರಿ, ಹರಿಹರಪುರಗಳ ಮೂಲಕ ಹರಿದರೆ, ಅದೇ ನೆಲೆಯಿಂದ ಹೊರಟ ಭದ್ರೆಯು ಕಳಸವನ್ನು ಬಳಸಿ ಬಾಳೆಹೊನ್ನೂರನ್ನು ಮುಟ್ಟಿ, ನರಸಿಂಹರಾಜಪುರದ ಸೀಮೆಯಲ್ಲಿ ಲಕ್ಕವಳ್ಳಿಯ ಅಣೆಕಟ್ಟಿನ ಹಿನ್ನೀರಾಗಿ ಹರಡಿಕೊಳ್ಳುತ್ತದೆ. ಘಟ್ಟದ ನೆತ್ತಿಗೆ ಅಂಟಿಕೊಂಡಿರುವ ಶೃಂಗೇರಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರನ್ನು ಮೀರಿ ಬೀಳುವ ಮಳೆಯು ಕೊಪ್ಪದ ಕಡೆಗೆ ಸರಿದಂತೆ ತಗ್ಗುತ್ತ, ನರಸಿಂಹರಾಜಪುರವನ್ನು ತಲುಪುವ ಹೊತ್ತಿಗೆ ಅರ್ಧಕ್ಕೂ ಇಳಿಯುತ್ತದೆ. ಅದೇ ಜಿಲ್ಲೆಯ ಕಡೂರಿನಲ್ಲಿ 600 ಮಿಲಿಮೀಟರಿನ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಆದಕಾರಣ ಒಂದೇ ಬಿರುಮಳೆಯು ಮೂರು ತಾಲ್ಲೂಕುಗಳಲ್ಲಿ ಮೂರು ಬಗೆಯ ಘಟನೆಯಾಗಿ ಪರಿಣಮಿಸುತ್ತದೆ: ಶೃಂಗೇರಿಯಲ್ಲಿ ಅದು ಹೊಳೆ, ಕೊಪ್ಪದಲ್ಲಿ ತೋಟ, ನರಸಿಂಹರಾಜಪುರದಲ್ಲಿ ಹಿನ್ನೀರು.

ಕಾರಣಗಳ ವಿಚಾರವನ್ನು ಹವಾಮಾನಶಾಸ್ತ್ರಜ್ಞರು ಸಾಕಷ್ಟು ಸ್ಪಷ್ಟಪಡಿಸಿರುವರು. ಮುಂಗಾರಿನಲ್ಲಿ ಅರಬ್ಬೀ ಸಮುದ್ರವನ್ನು ದಾಟಿ ದಕ್ಷಿಣ ಭಾರತದ ಮೇಲೆ ರಭಸದಿಂದ ಬೀಸುವ ಕೆಳಸ್ತರದ ಪಶ್ಚಿಮ ವಾಯುಪ್ರವಾಹವನ್ನು 1966ರಲ್ಲಿ ಜೋಸೆಫ್ ಮತ್ತು ರಾಮನ್ ಎಂಬ ವಿಜ್ಞಾನಿಗಳು ಗುರುತಿಸಿದರು. 1969ರಲ್ಲಿ ಫಿಂಡ್ಲೇಟರ್ ಎಂಬ ವಿಜ್ಞಾನಿ ಅದರ ಮೂಲವನ್ನು ಆಫ್ರಿಕದ ಪೂರ್ವತೀರದವರೆಗೆ ಬೆನ್ನಟ್ಟಿ ತೋರಿಸಿದನು. ಬಂಗಾಳ ಕೊಲ್ಲಿಯ ಉತ್ತರದಲ್ಲಿ ವಾಯುಭಾರ ಕುಸಿದಾಗ ಈ ಪ್ರವಾಹವು ಬಲಗೊಂಡು, ತೇವಭರಿತ ಗಾಳಿ ಸಹ್ಯಾದ್ರಿಯ ಗೋಡೆಗೆ ಬಡಿದು ಮೇಲೇರಿ, ತಂಪಾಗಿ, ಘಟ್ಟದ ತಲೆಯ ಮೇಲೆಯೇ ಕರಗಿ ಬೀಳುತ್ತದೆ. ಒಡಿಶಾ ತೀರದ ಕಡೆಯ ಒಂದು ವಾಯುಭಾರ ಕುಸಿತ ಶೃಂಗೇರಿ ಸೀಮೆಯ ಕೆರೆಕಟ್ಟೆಯ ಕಾಡಿನಲ್ಲಿ ಮಳೆ ಹಿಡಿಯುವಂತೆ ಮಾಡುವುದು ಹೀಗೆ. ಮುಂದೆ ವಿವರಿಸುವ 2019ರ ಆಗಸ್ಟಿನ ಮಳೆಯಲ್ಲಿ ನಡೆದದ್ದೂ ಇದೇ.

ಆದರೆ ಈ ಸೀಮೆಯ ಜನರು ಮಳೆಯ ಲೆಕ್ಕವನ್ನು ಇಸವಿ ತಿಂಗಳುಗಳಲ್ಲಿ ಇಟ್ಟವರಲ್ಲ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ನಿಲ್ಲುವ ಹದಿಮೂರು ಹದಿನಾಲ್ಕು ದಿನಗಳಿಗೆ ಒಂದೊಂದು ಮಳೆಯೆಂದು ಹೆಸರಿಟ್ಟು, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ ಎಂದು ಕ್ರಮವಾಗಿ ಎಣಿಸಿಕೊಂಡು ಬಂದಿರುವರು. ಹದಿನಾಲ್ಕನೆಯ ಶತಮಾನದ ಶಿಲ್ಪವಾದ ಶೃಂಗೇರಿಯ ವಿದ್ಯಾಶಂಕರ ದೇವಾಲಯದಲ್ಲಿ ಹನ್ನೆರಡು ರಾಶಿಸ್ತಂಭಗಳಿದ್ದು, ಸೂರ್ಯನು ಆಯಾ ರಾಶಿಯಲ್ಲಿರುವಾಗ ಆಯಾ ಕಂಬದ ಮೇಲೆ ಬೆಳಗಿನ ಕಿರಣ ಬೀಳುವುದೆಂಬ ಪ್ರಸಿದ್ಧಿಯಿದೆ. ರೈತನ ಮಳೆನಕ್ಷತ್ರವೂ ಶಿಲ್ಪಿಯ ರಾಶಿಸ್ತಂಭವೂ ಒಂದೇ ಸೌರಗಣನೆಯ ಎರಡು ಮುಖಗಳೆಂಬುದನ್ನು ನಮ್ಮ ಇತಿಹಾಸಕಾರರು ಇನ್ನೂ ಹೆಚ್ಚಿನ ಗಮನದಿಂದ ನೋಡಬೇಕಾಗಿದೆ. ಏಕೆಂದರೆ ದೊಡ್ಡ ಮಳೆಗಳು ಬಹುಮಟ್ಟಿಗೆ ಪುನರ್ವಸುವಿನಿಂದ ಆಶ್ಲೇಷದವರೆಗಿನ ಅವಧಿಯಲ್ಲಿಯೇ ಬಂದಿವೆ. ಹಿರಿಯರ ಬಾಯಿಯ ನೆನಪುಗಳಿಗೆ ಕಾಲವನ್ನು ನಿರ್ದೇಶಿಸಬೇಕಾದರೆ ಈ ನಕ್ಷತ್ರಗಳೇ ನಮಗೆ ಕೈದೀವಿಗೆ.

ಲಿಖಿತ ಲೆಕ್ಕ ಆರಂಭವಾದದ್ದು ತಡವಾಗಿ. ಮೈಸೂರು ಸಂಸ್ಥಾನದಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರ ಮೇಲ್ವಿಚಾರಣೆಯಲ್ಲಿ 1890ರ ದಶಕದಿಂದ ಮಳೆಯ ದಾಖಲೆಯ ವರದಿಗಳು ಕ್ರಮವಾಗಿ ಪ್ರಕಟವಾಗತೊಡಗಿದುವು. ಸರ್ಕಾರದ ಮಾಪಕಗಳ ಜೊತೆಗೆ ಕಾಫಿ ತೋಟಗಳ ಬಂಗಲೆಗಳ ಮುಂದೆಯೂ ಮಳೆಮಾಪಕಗಳು ನಿಂತವು. ಪ್ರತಿದಿನ ಬೆಳಿಗ್ಗೆ ನೀರನ್ನು ಅಳೆದು, ಇಷ್ಟು ಇಂಚು ಇಷ್ಟು ಸೆಂಟು ಎಂದು ಬರೆದಿಡುವ ಆ ಪುಸ್ತಕಗಳು ಹಲವು ಮನೆತನಗಳಲ್ಲಿ ತಲೆಮಾರುಗಳನ್ನು ದಾಟಿ ಬಂದಿವೆ. ಮಿಲಿಮೀಟರಿನ ಕಾಲದಲ್ಲಿಯೂ ಮಲೆನಾಡಿನ ಬೆಳೆಗಾರನ ಬಾಯಲ್ಲಿ ಮಳೆ ಇಂಚು ಸೆಂಟುಗಳಲ್ಲಿಯೇ ಉಳಿದಿರುವುದು ಆ ದಿನಚರಿಯ ಬಲದಿಂದ.

ಇಪ್ಪತ್ತನೆಯ ಶತಮಾನದ ಮಹಾವೃಷ್ಟಿಗಳಲ್ಲಿ ಕೆಲವನ್ನು ಇಲ್ಲಿ ಸ್ಮರಿಸಬಹುದು. 1923ರಲ್ಲಿ ಕುದುರೆಮುಖ ಶ್ರೇಣಿಯ ಪಶ್ಚಿಮ ಪಾರ್ಶ್ವಕ್ಕೆ ಇಳಿಯುವ ನೇತ್ರಾವತಿಯು ಉಕ್ಕಿ ಬಂಟ್ವಾಳ, ಪಾಣೆಮಂಗಳೂರುಗಳನ್ನು ಮುಳುಗಿಸಿದ ಪ್ರವಾಹವು ತುಳುವರ ನೆನಪಿನಲ್ಲಿ ‘ಮಾರಿಬೊಳ್ಳ’ವೆಂದು ನಿಂತಿದೆ. ಮರುವರ್ಷದ ಜುಲೈಯಲ್ಲಿ ಮಲಬಾರು ತಿರುವಾಂಕೂರುಗಳನ್ನು ಆವರಿಸಿದ ಮಳೆಯು ಕಾವೇರಿಯಲ್ಲಿಯೂ ಅಪೂರ್ವವಾದ ಪ್ರವಾಹವನ್ನು ತಂದಿತು. 1946ರ ಆಗಸ್ಟಿನಲ್ಲಿ ಶೃಂಗೇರಿಗೆ ನೆರೆಯ ಆಗುಂಬೆಯಲ್ಲಿ ಒಂದೇ ತಿಂಗಳಿಗೆ 4,500 ಮಿಲಿಮೀಟರಿಗೂ ಹೆಚ್ಚು ಮಳೆ ದಾಖಲಾಯಿತು. ಶೃಂಗೇರಿಯಲ್ಲಿ ಸಾಮಾನ್ಯ ವರ್ಷವೊಂದರಲ್ಲಿ ಬೀಳುವುದಕ್ಕಿಂತ ಇದು ಅಧಿಕ. ಹೊಳವಿಲ್ಲದ ಮಳೆಗೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಾಗಿಲ್ಲ.

2019ರ ಸಂಗತಿ ನಮ್ಮ ಕಣ್ಣೆದುರಿನದು. ಆ ವರ್ಷ ಮುಂಗಾರು ತಡವಾಗಿ, ಜೂನಿನ ಮೊದಲ ವಾರದಲ್ಲಿ ಮಳೆಗಾಗಿ ದೇವಾಲಯಗಳಲ್ಲಿ ಪರ್ಜನ್ಯ ಹೋಮ ನಡೆಸುವಂತೆ ರಾಜ್ಯ ಸರ್ಕಾರವೇ ಸೂಚಿಸಿತ್ತು. ಶೃಂಗೇರಿಯ ಬಳಿಯ ಕಿಗ್ಗದಲ್ಲಿಯೂ ವಿಶೇಷ ಪೂಜೆ ನಡೆಯಿತು. ಅಂಗರಾಜ್ಯದ ರೋಮಪಾದನ ಬರಗಾಲವನ್ನು ತನ್ನ ಪಾದಸ್ಪರ್ಶದಿಂದ ನೀಗಿದ ಋಷ್ಯಶೃಂಗನು ಕಿಗ್ಗದಲ್ಲಿ ಲಿಂಗರೂಪದಲ್ಲಿ ನೆಲಸಿರುವನೆಂಬುದು ನಂಬಿಕೆ. ಅನಾವೃಷ್ಟಿಯಲ್ಲಿ ಮಳೆ ತರಿಸೆಂದೂ ಅತಿವೃಷ್ಟಿಯಲ್ಲಿ ಮಳೆ ನಿಲ್ಲಿಸೆಂದೂ ಒಬ್ಬನೇ ದೇವರಲ್ಲಿ ಬೇಡಿಕೊಳ್ಳುವ ಈ ಸಂಪ್ರದಾಯ, ಬರವೂ ಪ್ರಳಯವೂ ಒಂದೇ ಋತುವಿನಲ್ಲಿ ಎದುರಾಗಬಲ್ಲ ನಾಡಿನ ಅನುಭವದಿಂದ ಹುಟ್ಟಿದ್ದೆಂದು ನನ್ನ ಅಭಿಪ್ರಾಯ. ಜೂನಿನ ಪೂಜೆಗೂ ಆಶ್ಲೇಷದ ಮಳೆಗೂ ನಡುವೆ ಎರಡೇ ತಿಂಗಳು. ಆಗಸ್ಟಿನ ಎರಡನೆಯ ವಾರದ ಹೊತ್ತಿಗೆ ನೆರೆಯ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜರಿದು ಮನೆ ಗದ್ದೆಗಳನ್ನು ನುಂಗಿತು. ತುಂಗಾ ಭದ್ರೆಗಳೆರಡೂ ದಡ ಮೀರಿದುವು.

ಶೃಂಗೇರಿಯಲ್ಲಿ ಹೊಳೆಯ ಏರಿಕೆಯನ್ನು ಅಳೆಯಲು ಮೀಟರಿನ ಹಲಗೆ ಬೇಕಾಗಿಲ್ಲ. ತುಂಗೆಯ ಸೋಪಾನದಲ್ಲಿ ಕಪ್ಪೆಶಂಕರನ ಸನ್ನಿಧಿಯಿದೆ. ಪ್ರಸವವೇದನೆಯಲ್ಲಿದ್ದ ಕಪ್ಪೆಗೆ ಸರ್ಪವು ಹೆಡೆಯನ್ನೆತ್ತಿ ನೆರಳು ಮಾಡಿದುದನ್ನು ಕಂಡು ಆಚಾರ್ಯ ಶಂಕರರು ಇಲ್ಲಿ ಪೀಠವನ್ನು ಸ್ಥಾಪಿಸಿದರೆಂಬ ಐತಿಹ್ಯವನ್ನು ಸ್ಮರಿಸುವ ಸ್ಥಳವದು. ನೀರು ಮೆಟ್ಟಿಲುಗಳನ್ನು ಒಂದೊಂದಾಗಿ ನುಂಗುತ್ತ ಬಂದು ಕಪ್ಪೆಶಂಕರನನ್ನು ಮುಳುಗಿಸಿತೆಂದರೆ ಊರು ಎಚ್ಚರಗೊಳ್ಳುತ್ತದೆ. ಮುಂದಿನ ಸರದಿ ಗಾಂಧಿ ಮೈದಾನದ್ದೆಂಬುದನ್ನು ಅಂಗಡಿಯವರು ಬಲ್ಲರು. ಕೆಂಪು ನೀರಿನ ಮೇಲೆ ಬೇರುಸಹಿತ ಮರಗಳು, ಅಡಿಕೆ ಸೋಗೆಗಳು ತೇಲಿ ಬರುತ್ತಿರುವಾಗಲೂ ಎತ್ತರದ ಜಗತಿಯ ಮೇಲೆ ವಿದ್ಯಾಶಂಕರ ದೇವಾಲಯವು ನಿಂತಿರುವುದನ್ನು ನೋಡಿದರೆ, ಅದನ್ನು ಕಟ್ಟಿದವರಿಗೆ ಈ ಹೊಳೆಯ ಸ್ವಭಾವ ಚೆನ್ನಾಗಿ ತಿಳಿದಿದ್ದಿತೆಂದು ತೋರುವುದು. ಆದರೆ ತುಂಗೆಯ ಏರಿಕೆ ಒಂದೆರಡು ದಿನಗಳ ಮಾತು. ಮಳೆ ಹೊಳವಾದೊಡನೆ ನೀರು ಇಳಿದು, ಕೆಸರು ತೊಳೆದು, ಪೇಟೆ ಮತ್ತೆ ತೆರೆಯುತ್ತದೆ.

ಹಳ್ಳಿಯ ಕಥೆ ಅಷ್ಟು ಬೇಗ ಮುಗಿಯುವುದಿಲ್ಲ. ಮನೆಗೂ ರಸ್ತೆಗೂ ಗುಡ್ಡವನ್ನು ನೆಟ್ಟಗೆ ಕಡಿದು ಸಮತಟ್ಟು ಮಾಡಿಕೊಂಡಿರುವ ಈ ಸೀಮೆಯಲ್ಲಿ ಧರೆ ಕುಸಿಯುವುದು ಸಾಮಾನ್ಯವಾಗಿ ಮಳೆಯ ಮೊದಲ ದಿನವಲ್ಲ. ದಿನಗಟ್ಟಲೆ ನೀರು ಕುಡಿದ ಮಣ್ಣು ತನ್ನ ಭಾರವನ್ನು ತಾನೇ ತಾಳಲಾರದಾದಾಗ, ಕೆಲವೊಮ್ಮೆ ಮಳೆ ಕಡಮೆಯಾದ ಮೇಲೆ, ಹಿತ್ತಿಲ ಧರೆ ಅಡಿಗೆಮನೆಯ ಗೋಡೆಯ ಮೇಲೆ ಬಂದು ಕೂರುತ್ತದೆ. ನೆಮ್ಮಾರಿನ ಬಳಿ ರಾಷ್ಟ್ರೀಯ ಹೆದ್ದಾರಿ 169ರಲ್ಲಿ ಇಂತಹ ಕುಸಿತದಿಂದ ಶೃಂಗೇರಿ ಕಾರ್ಕಳಗಳ ನಡುವಿನ ಸಂಚಾರಕ್ಕೆ ಧಕ್ಕೆಯಾದ ಉದಾಹರಣೆಗಳಿವೆ. ಇನ್ನು ಹಳ್ಳಗಳ ಮೇಲೆ ಮರದ ದಿಮ್ಮಿಗಳನ್ನೋ ಅಡಿಕೆಮರಗಳನ್ನೋ ಅಡ್ಡಹಾಯಿಸಿ ಕಟ್ಟಿದ ಕಾಲುಸಂಕಗಳು. ಅವು ಕೊಚ್ಚಿಹೋದಾಗ ಮಕ್ಕಳು ಶಾಲೆಗೂ ರೋಗಿಗಳು ಆಸ್ಪತ್ರೆಗೂ ಹೋಗುವ ದಾರಿಯೇ ಇಲ್ಲದಂತಾಗುತ್ತದೆ. ದೊಡ್ಡ ಸೇತುವೆಯೊಂದು ಮುಳುಗಿದರೆ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಕಾಲುಸಂಕದ ನಾಶ ಯಾವ ವರದಿಗೂ ಸೇರದೆ ಹೋಗುವುದು ದುಃಖಕರ. ಮಳೆಯ ಚರಿತ್ರೆಯಲ್ಲಿ ಅದಕ್ಕೆ ಒಂದು ಅಧ್ಯಾಯವೇ ಸಲ್ಲಬೇಕು.

ಬಿರುಮಳೆಯ ಉತ್ತರಕಾಲ ಅತ್ಯಂತ ದಾರುಣವಾಗಿ ಪ್ರಕಟವಾಗುವುದು ಅಡಿಕೆ ತೋಟದಲ್ಲಿ. ಎಳೆಗಾಯಿಯ ತೊಟ್ಟಿನ ಹತ್ತಿರ ನೀರಿಳಿದಂತಹ ಕಡುಹಸಿರಿನ ಕಲೆ ಮೂಡಿ, ಅದು ಹರಡಿ, ಮೇಲೆ ಬಿಳಿಯ ಬೂಷ್ಟು ಕಟ್ಟಿ, ಕಾಯಿ ಉದುರತೊಡಗುತ್ತದೆ; ಬೆಳಗಾಗುವುದರೊಳಗೆ ಮರದ ಬುಡವೆಲ್ಲ ಹಸಿರಡಿಕೆ. ಇದೇ ಕೊಳೆರೋಗ. ಬಲಿತರೆ ಸುಳಿಗೂ ಇಳಿದು ಮರವನ್ನೇ ಕೊಲ್ಲುತ್ತದೆ; ಹೊಸದಾಗಿ ನೆಟ್ಟ ಸಸಿ ಫಲಕ್ಕೆ ಬರಲು ಆರೇಳು ವರ್ಷಗಳಾದರೂ ಕಾಯಬೇಕು. ಹಿಂದಿನವರು ಕೊನೆಗಳಿಗೆ (ಅಡಿಕೆಯ ಗೊನೆಗಳಿಗೆ) ಕೊಟ್ಟೆ ಎಂಬ ಹೊದಿಕೆ ಕಟ್ಟಿ ಮಳೆಯಿಂದ ಮರೆಮಾಡುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ವಿವರವಾಗಿ ಪರಿಶೀಲಿಸಿ, ಫೈಟಾಫ್ತರಾ ಜಾತಿಯ ಶಿಲೀಂಧ್ರವೇ ಇದಕ್ಕೆ ಕಾರಣವೆಂದು 1910ರಲ್ಲಿ ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಬಳಕೆಗೆ ಬಂದಿದ್ದ ಬೋರ್ಡೋ ದ್ರಾವಣವನ್ನು ಮಲೆನಾಡಿನ ಮಳೆ ತೊಳೆಯದಂತೆ ಅಂಟುದ್ರವ್ಯದೊಡನೆ ಬೆರೆಸಿ ಕೊನೆಗೆ ಹೊಡೆಯುವ ಕ್ರಮ ಅವರ ಕಾಲದಿಂದ ನೆಲೆಯೂರಿತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು: ಇಂದಿಗೂ ತೋಟಿಗನ ರಕ್ಷಾಮಂತ್ರ ಇದೇ.

ಆದರೆ ಮಂತ್ರ ಫಲಿಸಲು ಹೊಳವು ಬೇಕು. ಮುಂಗಾರಿಗೆ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನಗಳ ತರುವಾಯ ಇನ್ನೊಂದು ಸಲ ಔಷಧಿ ಹೊಡೆಯಬೇಕೆಂಬುದು ನಿಯಮ. ಆ ಎರಡನೆಯ ಸರದಿ ಸರಿಯಾಗಿ ಪುಷ್ಯ, ಆಶ್ಲೇಷದ ಮಳೆಗಳಿಗೆ ಸಿಕ್ಕುತ್ತದೆ. ಪಾಚಿಗಟ್ಟಿ ಜಾರುವ ಮರವನ್ನು ಕೊನೆಗಾರನು ಹತ್ತಲಾರ. ಹತ್ತಿದರೂ ಒದ್ದೆಯಾದ ಕೊನೆಯ ಮೇಲೆ ದ್ರಾವಣ ನಿಲ್ಲದು. ಎರಡು ದಿನಗಳಲ್ಲಿ ಸುರಿದು ಹೋದ ಮಳೆ ಹೊಳೆಯನ್ನು ಎಷ್ಟೇ ಏರಿಸಿದ್ದರೂ, ಮೂರನೆಯ ದಿನದ ಬಿಸಿಲಿನಲ್ಲಿ ಔಷಧಿ ಹೊಡೆದವನ ಫಸಲು ಉಳಿಯುತ್ತದೆ. ಅಷ್ಟೇ ಮಳೆ ಹದಿನೈದು ದಿನಗಳಿಗೆ ಹರಡಿಕೊಂಡು ಜಡಿ ಹಿಡಿದರೆ, ಹೊಳೆ ದಡದೊಳಗೇ ಇದ್ದರೂ, ತೋಟ ಬರಿದಾಗುತ್ತದೆ. ಪ್ರವಾಹದ ಎತ್ತರವನ್ನು ಮಾತ್ರ ನೋಡುವ ಚರಿತ್ರೆಕಾರನ ಪಟ್ಟಿಯಲ್ಲಿ ಈ ಎರಡನೆಯ ವರ್ಷಕ್ಕೆ ಹೆಸರೇ ಇರುವುದಿಲ್ಲ. ತೋಟಿಗನ ಸಾಲದ ಪತ್ರದಲ್ಲಿ ಇರುತ್ತದೆ.

ಕಾಫಿಯ ಇತಿಹಾಸವೂ ಈ ವಾದಕ್ಕೆ ಪೋಷಕವಾಗಿದೆ. ಎಲೆರೋಗದ ಹಾವಳಿಗೆ ಪರಿಹಾರವನ್ನು ಅರಸಲು 1915ರಲ್ಲಿ ತಾತ್ಕಾಲಿಕ ಸಂಶೋಧನಾ ಘಟಕವೊಂದು ಆರಂಭವಾದದ್ದು ಕೊಪ್ಪದಲ್ಲಿ; 1925ರಲ್ಲಿ ಮೈಸೂರು ಸರ್ಕಾರದ ಕಾಫಿ ಪ್ರಯೋಗಕೇಂದ್ರ ಸ್ಥಾಪಿತವಾದದ್ದು ಬಾಳೆಹೊನ್ನೂರಿನ ಸಮೀಪದಲ್ಲಿ. 1944ರಲ್ಲಿ ಕಾಫಿ ಮಂಡಳಿಯ ಕೈಗೆ ಬಂದ ಆ ಕೇಂದ್ರವೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. ಜಡಿಮಳೆಯಲ್ಲಿ ಕಾಫಿಗೂ ಕೊಳೆ ತಗಲುವುದರಿಂದ, ಈ ಸೀಮೆಯಲ್ಲಿ ಮಳೆಯ ಅಧ್ಯಯನವೂ ರೋಗದ ಅಧ್ಯಯನವೂ ಜೊತೆಯಾಗಿಯೇ ಬೆಳೆಯಬೇಕಾಯಿತು.

ನರಸಿಂಹರಾಜಪುರದ ಸ್ಥಿತಿ ಬೇರೆ. 1965ರ ವೇಳೆಗೆ ಪೂರ್ಣಗೊಂಡ ಭದ್ರಾ ಅಣೆಕಟ್ಟು ತಾಲ್ಲೂಕಿನ ಊರುಗಳನ್ನೂ ಗದ್ದೆಗಳನ್ನೂ ಶಾಶ್ವತವಾಗಿ ನೀರಿನೊಳಗೆ ಇಟ್ಟಿತು. ಕಳಸದಲ್ಲಿ, ಬಾಳೆಹೊನ್ನೂರಿನಲ್ಲಿ ಅನರ್ಥವೆನಿಸಿದ ಮಳೆಯೇ 186 ಅಡಿಯ ಗರಿಷ್ಠ ಮಟ್ಟದತ್ತ ಜಲಾಶಯವನ್ನು ಏರಿಸಿ, ದಾವಣಗೆರೆಯ ಭತ್ತದ ಬಯಲಿನಲ್ಲಿ ಹರ್ಷವನ್ನುಂಟುಮಾಡುತ್ತದೆ. ಆ ಹರ್ಷ ನ್ಯಾಯವಾದದ್ದೇ. ಆದರೆ ಅದಕ್ಕಾಗಿ ಮನೆ ಬಿಟ್ಟವರ ನೆನಪು ಬಯಲಿನವರಿಗೆ ಇರಬೇಕೆಂದು ಹೇಳದಿರಲಾರೆ.

ಇತ್ತೀಚೆಗೆ ಚಳಿಗಾಲವೂ ನಿರಾತಂಕವಾಗಿ ಉಳಿದಿಲ್ಲ. 2021ರ ಜನವರಿಯಲ್ಲಿಯೂ, ಮತ್ತೆ ಅದೇ ವರ್ಷದ ನವೆಂಬರಿನಲ್ಲಿಯೂ ಅಕಾಲದ ಮಳೆ ಸುರಿದು, ಅಡಿಕೆ ಒಣಗಬೇಕಾದ ಅಂಗಳ ಒದ್ದೆಯಾಯಿತು. ಕಾಫಿಯ ಹಣ್ಣು ಒಡೆದು ನೆಲಕ್ಕೆ ಬಿದ್ದಿತು. ಕೊಯ್ಲಿಗೆ ನಿಂತ ಭತ್ತ ಮಲಗಿ ಮೊಳಕೆಯೊಡೆಯಿತು. ಮುಂಗಾರಿನ ಬಿರುಮಳೆಗೆ ಹೋಲಿಸಿದರೆ ಇದರ ಪ್ರಮಾಣ ಅತ್ಯಲ್ಪ, ಹೊಳೆ ಒಂದು ಮೆಟ್ಟಿಲನ್ನೂ ಮುಳುಗಿಸದಿರಬಹುದು. ಆದರೂ ವರ್ಷದ ದುಡಿಮೆಯೆಲ್ಲ ಅಂಗಳದಲ್ಲಿ ಹರಡಿರುವ ಹೊತ್ತಿನಲ್ಲಿ ಬಂದದ್ದರಿಂದ ಅದರ ಹಾನಿ ಘೋರ. ಈಗ ಗ್ರಾಮ ಪಂಚಾಯತಿಗಳ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳಿವೆ. ಅವುಗಳ ಅಂಕಿಗಳ ಪಕ್ಕದಲ್ಲಿ ತೋಟದ ಮನೆಗಳ ಹಳೆಯ ಮಳೆಪುಸ್ತಕಗಳನ್ನು ಇರಿಸಿ, ಒಂದೊಂದು ನಕ್ಷತ್ರದಲ್ಲಿ ಎಷ್ಟು ದಿನ ಹೊಳವು ಸಿಕ್ಕಿತು, ಔಷಧಿ ಹೊಡೆದದ್ದು ಯಾವಾಗ, ಆ ವರ್ಷ ಅಡಿಕೆ ಎಷ್ಟು ಇಳಿಯಿತು ಎಂಬ ಮೂರು ಕಲಮುಗಳನ್ನು ಮನೆಮನೆಯಿಂದ ಸಂಗ್ರಹಿಸುವ ಕೆಲಸವನ್ನು, ಆ ಪುಸ್ತಕಗಳು ಗೆದ್ದಲಿಗೆ ತುತ್ತಾಗುವುದಕ್ಕೆ ಮುಂಚೆ, ಕೊಪ್ಪ ಶೃಂಗೇರಿಗಳ ಕಾಲೇಜುಗಳ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬೇಕು.