‘ಯಾವುದೇ ಸ್ತ್ರೀ’ ಎಂದರೆ ಯಾರು?

ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತಿದ್ದ ಕಾಲದಲ್ಲಿ ಅಮೆರಿಕದ ಅಂತರ್ಯುದ್ಧವನ್ನು ನಾನು ಎರಡು ಪೀರಿಯಡ್ಡುಗಳಲ್ಲಿ ಮುಗಿಸಿಬಿಡುತ್ತಿದ್ದೆ. ದಕ್ಷಿಣದ ಹತ್ತಿಯ ತೋಟಗಳು, ಉತ್ತರದ ಕಾರ್ಖಾನೆಗಳು, 1861ರಲ್ಲಿ ಯುದ್ಧಾರಂಭ, 1863ರಲ್ಲಿ ಲಿಂಕನ್ನರ ವಿಮೋಚನಾ ಘೋಷಣೆ, 1865ರಲ್ಲಿ ಸಂವಿಧಾನದ 13ನೆಯ ತಿದ್ದುಪಡಿ. ಪರೀಕ್ಷೆಗೆ ಅಷ್ಟು ಸಾಕಾಗಿತ್ತು. ಒಮ್ಮೆ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸಾರ್, ಯಜಮಾನ ಹಿಂಸೆ ಕೊಟ್ಟರೆ ಗುಲಾಮರು ಕೋರ್ಟಿಗೆ ಹೋಗುವಂತಿರಲಿಲ್ಲವೇ?” ಎಂದು ಕೇಳಿದಳು. “ಇರಲಿಲ್ಲ ಕಣಮ್ಮ, ಕುಳಿತುಕೋ” ಎಂದು ಹೇಳಿ ಪಾಠ ಮುಂದುವರಿಸಿದೆ.

ನಿವೃತ್ತಿಯ ಬಿಡುವಿನಲ್ಲಿ ಇತಿಹಾಸಕಾರ ಮೆಲ್ಟನ್ ಮೆಕ್ಲಾರಿನ್ 1991ರಲ್ಲಿ ಪ್ರಕಟಿಸಿದ, ಸೀಲಿಯಾ ಎಂಬ ಗುಲಾಮ ತರುಣಿಯ ಮೊಕದ್ದಮೆಯನ್ನು ಕುರಿತ ಗ್ರಂಥವನ್ನು ಓದಿದೆ. ಆ ಹುಡುಗಿಗೆ ನಾನು ಕೊಟ್ಟ ಉತ್ತರ ಎಷ್ಟು ಅವಸರದ್ದೆಂಬುದು ಆಗ ಅರಿವಾಯಿತು. ಅಂದು ಹೇಳಬೇಕಾಗಿದ್ದುದನ್ನು ಇಂದು ಇಲ್ಲಿ ಬರೆಯುತ್ತಿದ್ದೇನೆ.

ಮಿಸೌರಿ ಪ್ರಾಂತವು 1821ರಲ್ಲಿ ಗುಲಾಮಗಿರಿಯನ್ನು ಉಳಿಸಿಕೊಂಡೇ ಅಮೆರಿಕದ ಒಕ್ಕೂಟವನ್ನು ಸೇರಿತು. ಅದರ ನಡುಭಾಗದ ಕ್ಯಾಲವೇ ಕೌಂಟಿಯಲ್ಲಿ ವರ್ಜೀನಿಯಾ, ಕೆಂಟಕಿಗಳಿಂದ ಗುಲಾಮರೊಡನೆ ವಲಸೆ ಬಂದ ಬಿಳಿಯ ರೈತರು ನೆಲೆಸಿದ್ದರು. ಅವರಲ್ಲಿ ರಾಬರ್ಟ್ ನ್ಯೂಸಮ್ ಒಬ್ಬ ಅನುಕೂಲಸ್ಥ. ಹೆಂಡತಿ ತೀರಿಕೊಂಡ ಮೇಲೆ 1850ರಲ್ಲಿ ಆತ ಪಕ್ಕದ ಕೌಂಟಿಗೆ ಹೋಗಿ, ಸುಮಾರು ಹದಿನಾಲ್ಕು ವರ್ಷದ ಸೀಲಿಯಾಳನ್ನು ಕೊಂಡು ತಂದ. ಮನೆ ಸೇರುವ ಮೊದಲೇ, ದಾರಿಯಲ್ಲಿಯೇ, ಅವಳ ಮೇಲೆ ಅತ್ಯಾಚಾರವೆಸಗಿದ. ಆ ಬಳಿಕ ತನ್ನ ಮನೆಯಿಂದ ಕೂಗಳತೆಯ ದೂರದಲ್ಲಿ ಅವಳಿಗೊಂದು ಪುಟ್ಟ ಮನೆ ಕಟ್ಟಿಸಿಕೊಟ್ಟ. ಐದು ವರ್ಷಗಳಲ್ಲಿ ಅವಳಿಗೆ ಎರಡು ಮಕ್ಕಳಾದವು. ಮಗು ತಾಯಿಯ ಸ್ಥಿತಿಯನ್ನೇ ಪಡೆಯುತ್ತದೆಂಬುದು ಅಂದಿನ ನಿಯಮ. ಆದ್ದರಿಂದ ನ್ಯೂಸಮ್‌ಗೆ ಹುಟ್ಟಿದ ಮಗುವೂ ನ್ಯೂಸಮ್‌ನ ಆಸ್ತಿಯೇ ಆಗುತ್ತಿತ್ತು.

1855ರ ವೇಳೆಗೆ ಅದೇ ಹೊಲದಲ್ಲಿ ದುಡಿಯುತ್ತಿದ್ದ ಜಾರ್ಜ್ ಎಂಬ ಗುಲಾಮನಿಗೂ ಸೀಲಿಯಾಳಿಗೂ ಒಲವು ಬೆಳೆದಿತ್ತು. ಯಜಮಾನನ ಸಂಗವನ್ನು ಬಿಡದಿದ್ದರೆ ತಾನು ದೂರವಾಗುವೆನೆಂದು ಆತ ಹೇಳಿದ. ಆಗ ಅವಳು ಮತ್ತೆ ಗರ್ಭಿಣಿ; ಮೈಯಲ್ಲಿ ಸ್ವಸ್ಥವಿರಲಿಲ್ಲ. ತಂದೆಯನ್ನು ತಡೆಯಿರೆಂದು ನ್ಯೂಸಮ್‌ನ ಹೆಣ್ಣುಮಕ್ಕಳಲ್ಲಿ ಬೇಡಿಕೊಂಡಳು. ನ್ಯೂಸಮ್‌ನಿಗೇ ಬರಬೇಡವೆಂದು ಹೇಳಿದಳು. ಆತ ಕೇಳಲಿಲ್ಲ.

ಜೂನ್ 23ರ ಶನಿವಾರ ರಾತ್ರಿ ಮಲಗಲು ಹೋದ ನ್ಯೂಸಮ್ ಮರುದಿನ ಬೆಳಿಗ್ಗೆ ಮನೆಯಲ್ಲಿರಲಿಲ್ಲ. ಮಕ್ಕಳು, ನೆರೆಹೊರೆಯವರು ಹೊಳೆಯ ದಂಡೆ, ಕೊಟ್ಟಿಗೆಗಳನ್ನೆಲ್ಲ ಹುಡುಕಿದರು. ಹೆಣವಿಲ್ಲ, ರಕ್ತದ ಕಲೆಯಿಲ್ಲ. ವಿಲಿಯಂ ಪೊವೆಲ್ ಎಂಬ ನೆರೆಯಾತ ಜಾರ್ಜನನ್ನು ಗದರಿಸಿ ಕೇಳಿದಾಗ, ಸೀಲಿಯಾಳ ಮನೆಯ ದಾರಿಯಲ್ಲಿ ನೋಡಬಹುದೆಂಬ ಸೂಚನೆ ಆತನ ಬಾಯಿಂದ ಹೊರಬಿತ್ತು. ಪೊವೆಲ್ ಸೀಲಿಯಾಳನ್ನು ಬೆದರಿಸಿದ. ಮಕ್ಕಳನ್ನು ಅವಳಿಂದ ಕಿತ್ತುಕೊಳ್ಳಲಾಗುವುದೆಂದೂ ಹೇಳಿದ. ಬಹಳ ಹೊತ್ತು ನಿರಾಕರಿಸಿದ ಅವಳು ಕೊನೆಗೆ, ನ್ಯೂಸಮ್‌ನ ಗಂಡುಮಕ್ಕಳಿಬ್ಬರನ್ನು ಹೊರಗೆ ಕಳುಹಿಸಿದರೆ ಹೇಳುವೆನೆಂದಳು.

ರಾತ್ರಿ ಆತ ಬಂದ, ಬೇಡವೆಂದರೂ ಮುಂದುವರಿದ, ಅವಳು ದೊಣ್ಣೆಯಿಂದ ಎರಡು ಏಟು ಹೊಡೆದಳು, ಆತ ಸತ್ತ. ಗಲ್ಲಿಗೇರಿಸುವರೆಂಬ ಭಯದಿಂದ ಹೆಣವನ್ನು ತನ್ನ ಮನೆಯ ಅಗ್ಗಿಷ್ಟಿಕೆಯಲ್ಲಿಟ್ಟು ಇರುಳೆಲ್ಲ ಉರಿಸಿದಳು. ಬೆಳಿಗ್ಗೆ ಅತ್ತ ಬಂದ ನ್ಯೂಸಮ್‌ನ ಮೊಮ್ಮಗನಿಗೆ ಅಕ್ರೋಟುಗಳ ಆಸೆ ತೋರಿಸಿ ಬೂದಿಯನ್ನು ಹೊರಗೆ ಹಾಕಿಸಿದಳು. ತಾನು ಹೊತ್ತು ಸುರಿದುದು ತನ್ನ ಅಜ್ಜನ ಬೂದಿಯೆಂದು ಆ ಬಾಲಕನಿಗೆ ತಿಳಿಯದು. ಹುಡುಕಿದವರಿಗೆ ಬೂದಿಯಲ್ಲಿ ಮೂಳೆಯ ಚೂರುಗಳೂ ಗುಂಡಿಗಳೂ ಕರಕಾದ ಚಾಕುವೂ ದೊರೆತವು.

ಕೊಲೆಯ ರಹಸ್ಯ ಹೀಗೆ ಒಂದೇ ದಿನದಲ್ಲಿ ಬಯಲಾಯಿತು. ಆದರೆ ಬಿಳಿಯರ ಸಂಶಯ ಅಷ್ಟಕ್ಕೇ ತಣಿಯಲಿಲ್ಲ. ಕಾಯಿಲೆಯ ಹೆಂಗಸೊಬ್ಬಳು ಒಬ್ಬಳೇ ಇದನ್ನೆಲ್ಲ ಮಾಡಲು ಸಾಧ್ಯವೇ? ಜಾರ್ಜನೂ ಕೈಜೋಡಿಸಿರಬಹುದೇ? ಸೆರೆಮನೆಯಲ್ಲಿ ಮತ್ತೆ ಮತ್ತೆ ಕೇಳಿದರೂ ಅವಳು ತಾನೊಬ್ಬಳೇ ಎಂದೇ ಹೇಳಿದಳು. ಜಾರ್ಜನಾದರೋ ಆ ವೇಳೆಗೆ ಓಡಿಹೋಗಿದ್ದ.

ಆ ದಿನಗಳ ಕಾವನ್ನೂ ಇಲ್ಲಿ ನೆನೆಯಬೇಕು. 1854ರ ಕ್ಯಾನ್ಸಸ್‌-ನೆಬ್ರಾಸ್ಕ ಕಾಯಿದೆಯು, ಗುಲಾಮಗಿರಿ ಬೇಕೋ ಬೇಡವೋ ಎಂಬುದನ್ನು ಕ್ಯಾನ್ಸಸ್‌ನ ನಿವಾಸಿಗಳೇ ನಿರ್ಧರಿಸಲೆಂದು ಬಿಟ್ಟಿತ್ತು. 1855ರ ಮಾರ್ಚ್‌ನಲ್ಲಿ ಮಿಸೌರಿಯಿಂದ ಸಾವಿರಾರು ಜನ ಆಯುಧಪಾಣಿಗಳಾಗಿ ಗಡಿ ದಾಟಿ ಅಲ್ಲಿ ಕಳ್ಳಮತ ಚಲಾಯಿಸಿ ಬಂದಿದ್ದರು. ಗುಲಾಮರು ದಂಗೆ ಎದ್ದಾರೆಂಬ ಅಂಜಿಕೆ ಮನೆಮನೆಯಲ್ಲೂ ಇತ್ತು. ಅಂತಹ ಹೊತ್ತಿನಲ್ಲಿ ಗುಲಾಮಳೊಬ್ಬಳು ಯಜಮಾನನನ್ನು ಕೊಂದಿದ್ದಳು.

ಅಕ್ಟೋಬರಿನಲ್ಲಿ ಫುಲ್ಟನ್ ಪಟ್ಟಣದಲ್ಲಿ ವಿಚಾರಣೆ ನಡೆಯಿತು. ತೀರ್ಪು ನೀಡಬೇಕಾದ ಜ್ಯೂರಿಯ ಹನ್ನೆರಡು ಮಂದಿಯೂ ಬಿಳಿಯ ಗಂಡಸರು. ಕೆಲವರು ಸ್ವತಃ ಗುಲಾಮರ ಒಡೆಯರು. ನ್ಯಾಯಾಧೀಶ ವಿಲಿಯಂ ಹಾಲ್ ಅವರು ಸೀಲಿಯಾಳ ಪರವಾಗಿ ಜಾನ್ ಜೇಮ್ಸನ್ ಎಂಬ ಹಿರಿಯ ವಕೀಲರನ್ನು ನೇಮಿಸಿದರು. ಇವರು ಹಿಂದೆ ಅಮೆರಿಕದ ಸಂಸತ್ತಿನ ಸದಸ್ಯರಾಗಿದ್ದವರು, ಸ್ವತಃ ಗುಲಾಮರನ್ನು ಹೊಂದಿದ್ದವರು. ಹೆಸರಿಗೆ ನಿಂತು ಕೈತೊಳೆದುಕೊಳ್ಳಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ.

ಮಿಸೌರಿಯ 1845ರ ಕಾನೂನಿನಲ್ಲಿ ‘ಯಾವುದೇ ಸ್ತ್ರೀ’ಯನ್ನು ಬಲಾತ್ಕಾರದಿಂದ ಕೆಡಿಸುವುದು ಅಪರಾಧವೆಂಬ ವಿಧಿಯಿತ್ತು. ತನ್ನ ಮೇಲೆ ನಡೆಯುವ ಘೋರ ಅಪರಾಧವನ್ನು ತಡೆಯಲು ಮಾಡಿದ ಹತ್ಯೆ ಕ್ಷಮ್ಯವೆಂದೂ ಕಾನೂನು ಹೇಳುತ್ತಿತ್ತು. ಜೇಮ್ಸನ್ ಮತ್ತು ಅವರ ಇಬ್ಬರು ಸಹಾಯಕರು ಈ ಎರಡು ವಿಧಿಗಳನ್ನು ಜೋಡಿಸಿದರು. ‘ಯಾವುದೇ ಸ್ತ್ರೀ’ ಎಂಬ ಮಾತಿನಲ್ಲಿ ಗುಲಾಮ ಸ್ತ್ರೀಯೂ ಸೇರುತ್ತಾಳೆಂದು ಜ್ಯೂರಿಗೆ ತಿಳಿಸಬೇಕೆಂದು ನ್ಯಾಯಾಧೀಶರನ್ನು ಕೋರಿದರು.

ವ್ಯಾಕರಣ ಕಲಿಸಿದ ನನಗೆ ಇದು ತೀರ ಸರಳವಾದ ಪ್ರಶ್ನೆ. ‘ಯಾವುದೇ’ ಎಂದ ಮೇಲೆ ಅದರಿಂದ ಹೊರಗೆ ಉಳಿಯುವವರು ಯಾರು? ಆದರೆ ನ್ಯಾಯಾಧೀಶರು ಕೋರಿಕೆಯನ್ನು ತಿರಸ್ಕರಿಸಿದರು. ಒಪ್ಪಿದ್ದರೆ ಆಗುತ್ತಿದ್ದುದೇನು? ಗುಲಾಮ ಸ್ತ್ರೀಯ ದೇಹ ಅವಳದೇ ಎಂದಾಗುತ್ತಿತ್ತು. ಒಡೆತನದ ಬುಡವೇ ಅಲುಗಾಡುತ್ತಿತ್ತು. ಆ ಎರಡು ಪದಗಳಿಗೆ ಅವರು ಹೆದರಿದ್ದು ಇದಕ್ಕೆ. ಅಕ್ಟೋಬರ್ 10ರಂದು ಜ್ಯೂರಿ ಅವಳನ್ನು ಅಪರಾಧಿಯೆಂದಿತು. ವಿಚಾರಣೆಯಲ್ಲಿ ಸೀಲಿಯಾ ಸಾಕ್ಷಿ ನುಡಿಯಲೇ ಇಲ್ಲ. ಬಿಳಿಯರ ವಿರುದ್ಧ ಗುಲಾಮರು ಸಾಕ್ಷಿ ಹೇಳಲು ಅಲ್ಲಿನ ಕಾನೂನಿನಲ್ಲಿ ಅವಕಾಶವಿರಲಿಲ್ಲ.

ನವೆಂಬರ್ 16 ಗಲ್ಲಿನ ದಿನವೆಂದು ಗೊತ್ತಾಯಿತು. ಸೆರೆಯಲ್ಲಿದ್ದಾಗಲೇ ಅವಳ ಮೂರನೆಯ ಮಗು ಸತ್ತು ಹುಟ್ಟಿತು. ವಕೀಲರು ಮಿಸೌರಿಯ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಉತ್ತರ ಬರುವ ಮೊದಲೇ ಗಲ್ಲಿನ ದಿನ ಸಮೀಪಿಸಿದಾಗ, ಯಾರೋ ಅವಳನ್ನು ಸೆರೆಮನೆಯಿಂದ ಕರೆದೊಯ್ದು, ಆ ದಿನ ಕಳೆದ ಮೇಲೆ ಮರಳಿ ತಂದೊಪ್ಪಿಸಿದರು. ಅವರ ಹೆಸರು ದಾಖಲೆಗಳಲ್ಲಿಲ್ಲ. ಈ ಪ್ರಕರಣದಲ್ಲಿ ನಿಜವಾದ ರಹಸ್ಯವೆಂದು ಉಳಿದಿರುವುದು ಇದೇ: ಕೊಂದವರಾರೆಂಬುದಲ್ಲ, ಉಳಿಸಲು ಹೆಣಗಿದವರಾರೆಂಬುದು. ಸರ್ವೋಚ್ಚ ನ್ಯಾಯಾಲಯ ಡಿಸೆಂಬರಿನಲ್ಲಿ ತಡೆಯಾಜ್ಞೆ ನಿರಾಕರಿಸಿತು. 1855ರ ಡಿಸೆಂಬರ್ 21ರಂದು, ಹತ್ತೊಂಬತ್ತರ ಆಸುಪಾಸಿನ ಸೀಲಿಯಾಳನ್ನು ಗಲ್ಲಿಗೇರಿಸಲಾಯಿತು.

2024ರ ಡಿಸೆಂಬರಿನಲ್ಲಿ ಮಿಸೌರಿಯ ರಾಜ್ಯಪಾಲ ಮೈಕ್ ಪಾರ್ಸನ್ ಅವಳಿಗೆ ಮರಣೋತ್ತರ ಕ್ಷಮಾದಾನ ನೀಡಿದರು. ಆ ಹೊತ್ತಿಗೆ 169 ವರ್ಷಗಳು ಸಂದಿದ್ದವು. ಕ್ಷಮಿಸಬೇಕಾದವರು ಯಾರು, ಕ್ಷಮೆ ಬೇಡಬೇಕಾದವರು ಯಾರು ಎಂದು ನನ್ನ ಮನಸ್ಸು ಕೇಳಿತು. ಆದರೂ ಒಂದು ತಪ್ಪನ್ನು ತಪ್ಪೆಂದು ದಾಖಲೆಯಲ್ಲಿ ಬರೆದದ್ದು ಸಣ್ಣ ಮಾತಲ್ಲ.

ಇದೇ ಮಿಸೌರಿ 1847ರಲ್ಲಿ ಕರಿಯರಿಗೆ ಓದುಬರಹ ಕಲಿಸುವುದನ್ನು ಕಾನೂನಿನಿಂದ ನಿಷೇಧಿಸಿತ್ತು. ಕಲಿಸುವುದನ್ನೇ ಜೀವನವೃತ್ತಿಯಾಗಿಸಿಕೊಂಡ ನನ್ನಂತಹವನಿಗೆ ಇದನ್ನು ಓದಿದಾಗ ಎದೆ ಭಾರವಾಗುತ್ತದೆ. ಯಾವ ಪದಗಳ ಮೇಲೆ ಅವಳ ಜೀವ ನಿಂತಿತ್ತೋ ಆ ಪದಗಳನ್ನು ಓದಲು ಕಲಿಸುವುದೇ ಅಪರಾಧವಾಗಿತ್ತು.

ಅಂದು ಪ್ರಶ್ನೆ ಕೇಳಿದ ಹುಡುಗಿ ಈಗ ಎಲ್ಲಿದ್ದಾಳೋ. ಅಕಸ್ಮಾತ್ ಇದನ್ನು ಓದಿದರೆ ಅವಳಿಗೆ ನನ್ನ ತಿದ್ದುಪಡಿ ಇದು: ಮಗೂ, ಗುಲಾಮರು ಕೋರ್ಟಿನ ಮೆಟ್ಟಿಲು ಹತ್ತಬಹುದಾಗಿತ್ತು. ಅದೇ ಮಿಸೌರಿಯಲ್ಲಿ ಡ್ರೆಡ್ ಸ್ಕಾಟ್ ಎಂಬಾತ 1846ರಲ್ಲಿ ತನ್ನ ಬಿಡುಗಡೆಗಾಗಿ ದಾವೆ ಹೂಡಿ, 1857ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತ. ಸೀಲಿಯಾಳೂ ಆ ಮೆಟ್ಟಿಲು ಹತ್ತಿದಳು, ಆದರೆ ಆರೋಪಿಯಾಗಿ. ಕೊಂದಾಗ ಕಾನೂನಿಗೆ ಅವಳು ಮನುಷ್ಯಳಾಗಿ ಕಂಡಳು. ಅದಕ್ಕೆ ಹಿಂದಿನ ಐದು ವರ್ಷ ಕಾಣಲೇ ಇಲ್ಲ. ಅಂದು ನಿನ್ನನ್ನು ಕುಳಿತುಕೋ ಎಂದದ್ದು ನನ್ನ ತಪ್ಪು.