ಪಾಗಾರದ ಪಾಚಿ, ಮರಿಗೆಯ ನೀರು

ಆಟಿಯ ಮಳೆಗೆ ಬಲ್ಮಠದ ನಮ್ಮ ಮನೆಯ ಮುರಕಲ್ಲಿನ ಪಾಗಾರ ಹಸುರಾಗಿಬಿಡುತ್ತದೆ. ಚೌತಿಗೆ ಮೊದಲು ಅಪ್ಪ ತಂತಿ ಬ್ರಶ್ಶಿನಿಂದ ಅದನ್ನೆಲ್ಲ ಉಜ್ಜಿಸುತ್ತಿದ್ದರು. ನಾನೂ ವರ್ಷಗಟ್ಟಲೆ ಉಜ್ಜಿಸಿದೆ. ಕ್ಯೋಟೋದ ಸಾಯಿಹೋಜಿಯ ಚರಿತ್ರೆ ಓದಿದ ಮೇಲೆ ಬ್ರಶ್ಶು ಮೂಲೆ ಸೇರಿತು.

1339ರಲ್ಲಿ ಝೆನ್ ಗುರು ಮುಸೊ ಸೊಸೆಕಿ ಆ ದೇವಾಲಯಕ್ಕೆ ಮರುಜೀವ ಕೊಟ್ಟು ತೋಟ ಮಾಡಿದಾಗ ಪಾಚಿಯ ಯೋಚನೆಯೇ ಇರಲಿಲ್ಲ. ಶತಮಾನಗಳ ಬಳಿಕ, ನೋಡಿಕೊಳ್ಳುವವರಿಲ್ಲದೆ ತೋಟ ಪಾಳುಬಿದ್ದಾಗ, ನೆರಳು ಮತ್ತು ತೇವ ಸಿಕ್ಕಿದಲ್ಲೆಲ್ಲ ಪಾಚಿ ತಾನಾಗಿ ಹಬ್ಬಿತು. ಈಗ ಅಲ್ಲಿ ನೂರಕ್ಕೂ ಹೆಚ್ಚು ಬಗೆಯ ಪಾಚಿಗಳಿವೆ. ಊರವರು ಅದನ್ನು ಕರೆಯುವುದೇ ಪಾಚಿಯ ದೇವಾಲಯ ಎಂದು.

ನಮ್ಮ ನಾಗಬನ ನೆನಪಾಗುತ್ತದೆ: ಕಲ್ಲು, ಬಳ್ಳಿ, ಹಗಲಲ್ಲೂ ಕತ್ತಲೆ. ಆದರೆ ಎರಡೂ ಒಂದೇ ಎನ್ನಲಾರೆ. ಬನಕ್ಕೆ ಕತ್ತಿ ತಾಗಿಸಬಾರದು. ಜಪಾನಿನ ತೋಟಕ್ಕೆ ಕತ್ತರಿ ತಪ್ಪುವುದಿಲ್ಲ, ಕಾಡಿನಂತೆ ಕಾಣಿಸುವುದಕ್ಕೂ ದುಡಿಯಬೇಕು. ಕಲ್ಲನ್ನು ಅದರ ಮನಸ್ಸು ತಿಳಿದು ಇಡಬೇಕೆಂದು 11ನೇ ಶತಮಾನದ ತೋಟ ಕಟ್ಟುವ ಕಲೆಯ ಗ್ರಂಥ ‘ಸಕುತೇಯ್ಕಿ’ಯೇ ವಿಧಿಸುತ್ತದೆ. ರ್‍ಯೋವಾನ್‌ಜಿ ಎಂಬ ದೇವಾಲಯದ ಜಲ್ಲಿಯಂಗಳದಲ್ಲಿರುವ 15 ಕಲ್ಲುಗಳಲ್ಲಿ, ಜಗಲಿಯಲ್ಲಿ ಎಲ್ಲಿ ಕೂತರೂ ಒಂದಾದರೂ ಮರೆಯಾಗಿಯೇ ಇರುತ್ತದೆ.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಚಹಾಮನೆಯ ತೋಟ. 16ನೇ ಶತಮಾನದಲ್ಲಿ ಚಹಾಗುರು ಸೆನ್ ನೊ ರಿಕ್ಯು ಅದಕ್ಕೊಂದು ಗಟ್ಟಿ ರೂಪ ಕೊಟ್ಟರು. ಅಲ್ಲಲ್ಲಿ ಹುಗಿದ ಮೆಟ್ಟುಗಲ್ಲುಗಳ ಮೇಲೆ ಹೆಜ್ಜೆ ನೋಡಿಕೊಂಡೇ ನಡೆಯಬೇಕು. ದಾರಿಯಲ್ಲೊಂದು ಕಲ್ಲಿನ ತೊಟ್ಟಿ, ಬೇಕೆಂದೇ ತಗ್ಗಿನಲ್ಲಿಟ್ಟದ್ದು. ಎಷ್ಟು ದೊಡ್ಡವರಾದರೂ ಬಗ್ಗಿಯೇ ಕೈ ಬಾಯಿ ತೊಳೆಯಬೇಕು. ಸಕಾಯಿ ಎಂಬ ಕಡಲೂರಿನಲ್ಲಿ ರಿಕ್ಯು ಕಡಲು ಕಾಣದಂತೆ ಎದುರಿಗೆ ಗಿಡ ಬೆಳೆಸಿದರಂತೆ. ಅತಿಥಿ ತೊಟ್ಟಿಗೆ ಬಗ್ಗಿದಾಗ ಮಾತ್ರ ಎಲೆಗಳ ಸಂದಿಯಲ್ಲಿ ನೀರು ಮಿನುಗುತ್ತಿತ್ತಂತೆ. ಅಂಗೈಯಲ್ಲಿ ನೀರು, ಕಣ್ಣೆದುರೂ ನೀರು!

ನಮ್ಮ ಮೆಟ್ಟಿಲ ಬದಿಯಲ್ಲೂ ಒಂದು ಕಲ್ಲುಮರಿಗೆ ಇದೆ. ಬಾಯಿ ನುಣುಪಾಗಿದೆ, ಒಂದು ಮೂಲೆ ಮುಕ್ಕಾಗಿದೆ. ಬಂದವರು ಚೆಂಬಿನಲ್ಲಿ ಮೊಗೆದು ಕಾಲು ತೊಳೆದು ಒಳಗೆ ಬರುತ್ತಿದ್ದರು. ಆಮೇಲೆ ಅಜ್ಜಿ ನೀರು, ಬೆಲ್ಲ ಕೊಡುತ್ತಿದ್ದರು. ನೀರೆರೆದುಕೊಂಡು ತಲೆಯೆತ್ತಿದರೆ ತೆಂಗಿನ ಗರಿಗಳ ನಡುವೆ, ಕೆಳಗಿನ ಹಂಚಿನ ಮಾಡುಗಳಾಚೆ, ಕಡಲಿನ ಒಂದು ಗೆರೆ. ಅದನ್ನು ಯಾರೂ ಯೋಜಿಸಿರಲಿಲ್ಲ. ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ ಆರಂಭಿಸಿದ ಹಂಚಿನ ಕಾರ್ಖಾನೆಯಿಂದಾಗಿ ಊರಿಗೆ ಊರೇ ಕೆಂಪು ಮಾಡು ಹೊದ್ದಿತ್ತು. ಮಾಡುಗಳು ತಗ್ಗಾಗಿದ್ದವು, ಕಡಲು ಕಾಣುತ್ತಿತ್ತು, ಅಷ್ಟೇ.

ಈಗ ಎದುರಿಗೆ ಫ್ಲ್ಯಾಟುಗಳು. ಮರಿಗೆ ತುಂಬಿಸುವುದನ್ನು ನಾನು ಬಿಟ್ಟಿಲ್ಲ. ಮಳೆ ಬಿಟ್ಟ ಸಂಜೆ ಬಾವುಟಗುಡ್ಡೆಯ ತನಕ ನಡೆದುಹೋಗಿ ಕಡಲು ನೋಡಿ ಬರುತ್ತೇನೆ.