ಮಹಾವೀರಾಚಾರ್ಯನ ಇಬ್ಬರು ದಾರಿಹೋಕರು

ಪರೀಕ್ಷೆಯ ದಿನಗಳು ಬಂದವೆಂದರೆ ಅಡ್ಯಾರಿನ ನಮ್ಮ ಮನೆಗಳಲ್ಲಿ ಒಂದು ಲೆಕ್ಕ ತಪ್ಪುವುದಿಲ್ಲ. ಒಂದು ಬಸ್ಸು ಒಂದೇ ವೇಗದಲ್ಲಿ ಓಡುತ್ತದೆ. ಇನ್ನೊಂದು ನಿಧಾನವಾಗಿ ಹೊರಟು ವೇಗ ಹೆಚ್ಚಿಸಿಕೊಳ್ಳುತ್ತದೆ. ಎರಡೂ ಮತ್ತೆ ಸೇರುವುದು ಯಾವಾಗ? ಮಕ್ಕಳು ಇದಕ್ಕೆ ನ್ಯೂಟನ್ನನನ್ನು ಶಪಿಸುತ್ತಾರೆ. ಪಾಪ, ಈ ಲೆಕ್ಕ ಅವನಿಗಿಂತ ಎಂಟುನೂರು ವರ್ಷ ಹಿಂದೆಯೇ ನಮ್ಮ ನಾಡಿನಲ್ಲಿತ್ತು.

ಕ್ರಿ.ಶ. 850ರ ಸುಮಾರಿನಲ್ಲಿ ಮಹಾವೀರಾಚಾರ್ಯನೆಂಬ ಜೈನ ಪಂಡಿತ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ. ಆರಂಭದಲ್ಲಿ ಅವನು ಹೊಗಳುವ ದೊರೆ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗ. ಗ್ರಂಥದ ಒಂದು ಲೆಕ್ಕ ಹೀಗಿದೆ: ಒಬ್ಬನು 3ರ ವೇಗದಲ್ಲಿ ಹೊರಟು ಪ್ರತಿ ಸಲವೂ 8 ಹೆಚ್ಚಿಸುತ್ತಾನೆ, ಇನ್ನೊಬ್ಬನದು ಬದಲಾಗದ 21. ಒಟ್ಟಿಗೆ ಹೊರಟವರು ಮತ್ತೆ ಸೇರುವುದೆಂದು? ಸೂತ್ರವೂ ಅಲ್ಲಿಯೇ ಇದೆ: 21ರಲ್ಲಿ 3 ಕಳೆದು, 8ರ ಅರ್ಧದಿಂದ ಭಾಗಿಸಿ, 1 ಕೂಡಿಸಬೇಕು. ಉತ್ತರ ಐದೂವರೆ.

ಈ ಐದೂವರೆಯ ಮೇಲೆ ನನಗೊಂದು ತಕರಾರಿದೆ. ವೇಗ ದಿನಕ್ಕೊಮ್ಮೆ ಏರುತ್ತದೆಂದು ಇಟ್ಟುಕೊಳ್ಳೋಣ. ಮೊದಲಿನವನು ಐದು ದಿನಗಳಲ್ಲಿ 3, 11, 19, 27, 35, ಒಟ್ಟು 95 ನಡೆದಿರುತ್ತಾನೆ, ಎರಡನೆಯವನು 105. ಅಂತರ 10. ಆರನೆಯ ದಿನ ಒಬ್ಬನ ವೇಗ 43, ಮತ್ತೊಬ್ಬನದು 21. ದಿನವಿಡೀ ನಡೆದರೆ ತುಂಬುವ ಅಂತರ 22. ಹಾಗಾದರೆ ಅವರು ಸೇರಲು ಬೇಕಾದದ್ದು 5/11 ದಿನ, ಅರ್ಧ ದಿನವಲ್ಲ! ಇಡೀ ದಿನಗಳಿಗೆ ಸರಿಹೋಗುವ ಶ್ರೇಢಿಯ ಸೂತ್ರವನ್ನು ಅರ್ಧ ದಿನಕ್ಕೂ ಹಚ್ಚಿದ್ದರ ಫಲವಿದು. ಸೂತ್ರವನ್ನೇ ನಂಬಿ ಕ್ಯಾಲ್ಕುಲಸ್ ಹಾಕಿ ನೋಡಿದರೆ ಇನ್ನೂ ತಮಾಷೆ. n ದಿನಗಳ ದೂರ 4n² − n. ಆ ಕ್ಷಣದ ವೇಗ 8n − 1. ಹೊರಡುವಾಗ ಅದು −1, ಅಂದರೆ ನಮ್ಮ ದಾರಿಹೋಕ ಮೊದಲು ಹಿಂದಕ್ಕೆ ನಡೆಯಬೇಕು. (ಕೊಡೆ ಮರೆತಿದ್ದನೋ ಏನೋ.)

ಮೆಟ್ಟಿಲು ಮೆಟ್ಟಿಲಾಗಿ ಏರುವ ವೇಗ ಬೇರೆ, ಕ್ಷಣಕ್ಷಣಕ್ಕೂ ಏರುವ ವೇಗ ಬೇರೆ. ಬೀಳುವ ಕಲ್ಲು ಸಮಕಾಲಗಳಲ್ಲಿ 1, 3, 5, 7ರ ಪ್ರಮಾಣದಲ್ಲಿ ದೂರ ಕ್ರಮಿಸುತ್ತದೆಂದು ಗೆಲಿಲಿಯೊ 1638ರ ತನ್ನ ಗ್ರಂಥದಲ್ಲಿ ಹೇಳಿದಾಗ ಅದೂ ಶ್ರೇಢಿಯೇ. ಆದರೆ ಅವನ ಕಲ್ಲಿನ ವೇಗ ಎಲ್ಲಿಯೂ ನಿಂತು ಏರುವುದಿಲ್ಲ. ಆದ್ದರಿಂದ ಮಳಖೇಡದಲ್ಲೇ ಕ್ಯಾಲ್ಕುಲಸ್ ಇತ್ತೆಂದು ರಾಜ್ಯೋತ್ಸವದ ವೇದಿಕೆಯಿಂದ ಹೇಳುವುದನ್ನು ನಾನು ಒಪ್ಪಲಾರೆ. ಇದ್ದದ್ದು ಒಳ್ಳೆಯ ಪ್ರಶ್ನೆ. ಅದೇನು ಕಡಿಮೆಯೆ?

ಈ ಗ್ರಂಥ ಇಂಗ್ಲಿಷ್ ಅನುವಾದದೊಡನೆ ಅಚ್ಚಾದದ್ದು ನಮ್ಮ ಈ ಊರಿನಲ್ಲಿಯೇ, 1912ರಲ್ಲಿ, ಮದ್ರಾಸ್ ಸರ್ಕಾರದ ಪ್ರಕಟಣೆಯಾಗಿ. ಸಂಪಾದಕರು ಪ್ರೆಸಿಡೆನ್ಸಿ ಕಾಲೇಜಿನ ಸಂಸ್ಕೃತ ಪ್ರಾಧ್ಯಾಪಕ ಎಂ. ರಂಗಾಚಾರ್ಯರು. ಅಡ್ಯಾರಿನಿಂದ ಮರೀನಾ ದಾರಿಯಲ್ಲಿ ಹೋಗುವಾಗ ಎಡಕ್ಕೆ ಕಾಣುವ ಕೆಂಪು ಕಟ್ಟಡ ಅದೇ ಕಾಲೇಜು. ಮದ್ರಾಸಿನ ಹಸ್ತಪ್ರತಿ ಭಂಡಾರದಲ್ಲಿ ಅವರಿಗೆ ಸಿಕ್ಕಿದ ಪ್ರತಿಗಳೆಲ್ಲ ಅಪೂರ್ಣ. ಪೂರ್ಣಪ್ರತಿಗಳು ಬಂದದ್ದು ಮೈಸೂರಿನಿಂದ ಮತ್ತು ಮೂಡುಬಿದಿರೆಯಿಂದ, ಎರಡೂ ಕನ್ನಡ ಲಿಪಿಯಲ್ಲಿ. ಮೈಸೂರಿನ ಪ್ರತಿಯಲ್ಲಿ ವಲ್ಲಭನೆಂಬವನ ಕನ್ನಡ ಟೀಕೆಯಿತ್ತು. ಮೂಡುಬಿದಿರೆಯದರಲ್ಲಿ ಲೆಕ್ಕಗಳ ಉತ್ತರಗಳನ್ನು ಯಾರೋ ಚಿಕ್ಕದಾಗಿ ಕನ್ನಡದಲ್ಲಿ ಬರೆದಿಟ್ಟಿದ್ದರು.